ನಾಲ್ಕು ಮಾರು ನೀರು

ಫೆಬ್ರವರಿ 3, ಮಂಗಳವಾರ

ಬೆಳಗ್ಗೆ ಏಳಕ್ಕೆ ಕೆರೆ. ಕಳೆ ತೆಗೆಯುವ ಯಂತ್ರ ಮತ್ತೆ ಕೆಟ್ಟಿದೆ. ಮೂರು ದಿನದಲ್ಲಿ ಎರಡನೇ ಸಲ. ಗುತ್ತಿಗೆದಾರರನ್ನು ಕೇಳಿದರೆ ಅದೇ ಉತ್ತರ — "ನಾಳೆ ರೆಡಿ ಮೇಡಂ." ಈ ಮನುಷ್ಯನ ಬಾಯಲ್ಲಿ ಬೇರೆ ದಿನವೇ ಇಲ್ಲ. ಬೆನ್ನ ಹಿಂದೆ ಎಲ್ಲರೂ ಇವರನ್ನು ನಾಳೆಯಪ್ಪ ಎನ್ನುತ್ತಾರೆ. ಹೆಸರಿಟ್ಟವಳು ನಾನೇ. ಅವರಿಗೆ ಗೊತ್ತಿಲ್ಲ.

ದಂಡೆಯ ಕಾಲುದಾರಿ ಅರ್ಧ ಮುಗಿದಿದೆ. ಬೆಂಚು ಹದಿನೆಂಟು ಕೇಳಿದ್ದೆ, ಹದಿನಾರು ಬಂದಿವೆ, ಅದರಲ್ಲೊಂದಕ್ಕೆ ಮೂರೇ ಕಾಲು. ಹೊಸ ಬೋರ್ಡಿನಲ್ಲಿ ‘ಸರೋವರ ವಿಹಾರಧಾಮ’ ಎಂದು ಬರೆಸಿದ್ದಾರೆ. ಹುಟ್ಟಿದಾಗಿನಿಂದ ನಾವು ಕೆರೆ ಎಂದೇ ಕರೆದದ್ದು. ಪಾಪ, ಕೆರೆಗೆ ಬಡ್ತಿ ಸಿಕ್ಕಿದೆ. ಓವರ್ಸಿಯರಮ್ಮನಿಗೆ, ಅಂದರೆ ನನಗೆ, ಇನ್ನೂ ಇಲ್ಲ. ಈ ಕೆಲಸ ಸರಿಯಾಗಿ ಮುಗಿದರೆ ಸಿಗುತ್ತದಂತೆ.

ಸಂಜೆ ಮನೆಗೆ ಬಂದರೆ ಅಣ್ಣ ಗೇಟಿನಲ್ಲೇ ನಿಂತಿದ್ದ. ವಾಚ್‌ಮನ್ ಬಟ್ಟೆ ಕೂಡ ಬಿಚ್ಚಿರಲಿಲ್ಲ.

"ಏನೇ ಗುಬ್ಬಿ, ಮೋಟಾರು ಲಾಂಚ್ ಬಂತಾ?"

"ಮುಂದಿನ ತಿಂಗಳು ಅಣ್ಣ. ದಿನಾ ಕೇಳಿದ್ರೆ ಬೇಗ ಬರಲ್ಲ."

"ಓಡಿಸೋರ ಪಟ್ಟಿ?"

"ಇಬ್ಬರ ಹೆಸರಿದೆ. ನಿಂದೂ ಇದೆ."

"ಮೇಲಿದೆಯೋ, ಕೆಳಗಿದೆಯೋ?"

ಐವತ್ತಾರು ವರ್ಷದ ಗಂಡಸು, ರಿಸಲ್ಟ್ ಕೇಳುವ ಮಗುವಿನ ಹಾಗೆ. ಇಪ್ಪತ್ತೆರಡು ವರ್ಷ ಈ ಕೆರೆಯಲ್ಲಿ ದೋಣಿ ನಡೆಸಿದವನು. ಕಳೆ ತುಂಬಿ ಕೆರೆ ಮುಚ್ಚಿದ ವರ್ಷ, ಕೊನೆಯ ದೋಣಿಯನ್ನು ದಡಕ್ಕೆ ಎಳೆಯುವಾಗ ಹಗ್ಗ ಹರಿದು ಎಡಗೈ ಮುರಿದುಕೊಂಡ. ಎರಡು ತಿಂಗಳು ಪ್ಲಾಸ್ಟರ್. ಆಮೇಲೆ ಹನ್ನೊಂದು ವರ್ಷದಿಂದ ಅಂಗಡಿ ಸಂಕೀರ್ಣದ ನೆಲಮಾಳಿಗೆಯಲ್ಲಿ ಕಾರುಗಳಿಗೆ ಜಾಗ ತೋರಿಸುತ್ತಾನೆ. ಬಿಸಿಲಿಲ್ಲ, ಗಾಳಿಯಿಲ್ಲ. ಲಾಂಚ್‌ಗೆ ಐವತ್ತೆಂಟರ ವಯೋಮಿತಿ. ಈ ಸಲ ಸಿಗದಿದ್ದರೆ ಅವನು ಮತ್ತೆ ನೀರಿಗಿಳಿಯುವುದಿಲ್ಲ.

ನನ್ನ ಬಡ್ತಿಗಿಂತ ಇದು ಆಗಲಿ ಎಂದೇ ಆಸೆ. ಅವನಿಗೆ ಹೇಳುವುದಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಫೆಬ್ರವರಿ 6

ಆಳ ಅಳೆಯುವ ಯಂತ್ರ ಬಂತು. ಪುಟ್ಟ ಟಿವಿಯಂಥದು, ಜೊತೆಗೆ ಟೈ ಕಟ್ಟಿದ ಇಬ್ಬರು. ಇಡೀ ದಿನ ಸುತ್ತಿದರು. ಒಂದೇ ಜಾಗದಲ್ಲಿ ಒಮ್ಮೆ ಏಳು ಅಡಿ, ಇನ್ನೊಮ್ಮೆ ಹದಿನೇಳು. ಯಂತ್ರ ನೀರಿನೊಳಗಿನ ಕಳೆಯನ್ನೇ ತಳ ಎಂದುಕೊಳ್ಳುತ್ತಿದೆ. ಸಂಜೆ ಟೈ ಸಡಿಲಿಸಿಕೊಂಡು ಹೊರಟುಹೋದರು.

ಜನ ಲಾಂಚ್ ಹತ್ತುವ ತೇಲುವ ಜೆಟ್ಟಿಯ ಸರಪಳಿ ಎಷ್ಟುದ್ದ ಬೇಕೆಂದು ನಾಳೆಯಪ್ಪ ಕೇಳುತ್ತಿದ್ದಾರೆ. ಜೆಟ್ಟಿಯ ನಾಲ್ಕು ಮೂಲೆಯಿಂದ ನಾಲ್ಕು ಸರಪಳಿ, ತಳದಲ್ಲಿ ನಾಲ್ಕು ಕಾಂಕ್ರೀಟ್ ದಿಮ್ಮಿ. ಆಳ ಗೊತ್ತಿಲ್ಲದೆ ಸರಪಳಿ ಕತ್ತರಿಸುವ ಹಾಗಿಲ್ಲ.

ಇಂಜಿನಿಯರ್ ಸಾಹೇಬರು ಕರೆಸಿದರು. "ನಿಮ್ಮಣ್ಣ ಮೊದಲು ಇಲ್ಲಿ ಆಳ ನೋಡ್ತಿದ್ರಂತಲ್ಲ?"

"ಹೌದು ಸರ್. ಆದರೆ ಅವನ ಹೆಸರು ಲಾಂಚ್ ಪಟ್ಟಿಯಲ್ಲಿದೆ. ನನ್ನ ಅಣ್ಣ ಬೇರೆ."

"ಊರಿಗೆಲ್ಲ ಗೊತ್ತಿರೋದನ್ನ ಗುಟ್ಟಿನ ಥರ ಹೇಳ್ತೀರಲ್ಲಮ್ಮ. ಕರ್ಕೊಂಡು ಹೋಗಿ ಅಳೀರಿ. ಬರೆದು ಸಹಿ ಹಾಕೋರು ನೀವು ತಾನೆ."

ಫೆಬ್ರವರಿ 8, ಭಾನುವಾರ

ಅಣ್ಣ ಐದಕ್ಕೇ ಎದ್ದು ಕೂತಿದ್ದ. ಅಟ್ಟದಿಂದ ಹಗ್ಗ ಇಳಿಸಿ, ತುದಿಗೆ ಗುಂಡುಕಲ್ಲು ಕಟ್ಟಿ, ಗಂಟನ್ನು ಮೂರು ಸಲ ಎಳೆದು ನೋಡಿದ. ಅತ್ತಿಗೆ ಬಾಗಿಲಲ್ಲಿ ನಿಂತು, "ಮದುವೆ ದಿನ ಕೂಡ ಇಷ್ಟು ಬೇಗ ಎದ್ದಿರ್ಲಿಲ್ಲ ಈ ಮಹಾಶಯರು," ಅಂದರು.

ಚಿಕ್ಕ ದೋಣಿ. ನಾವಿಬ್ಬರೇ. ಕಳೆ ತೆಗೆದ ಜಾಗದಲ್ಲಿ ನೀರು ಕಪ್ಪಗೆ, ಗುಡ್ಡದ ನೆರಳು ಅರ್ಧ ಕೆರೆವರೆಗೆ. ಹನ್ನೊಂದು ವರ್ಷದ ಮೇಲೆ ಅವನ ಎದುರು ದೋಣಿಯಲ್ಲಿ ಕೂತದ್ದು. ಹುಟ್ಟು ಹಾಕುವಾಗ ಅವನ ಮುಖ ನೋಡಿದೆ. ನೆಲಮಾಳಿಗೆಯ ಮುಖವೇ ಅಲ್ಲ ಅದು.

ಅವನು ಅಳೆಯುವ ಕ್ರಮ ಹೀಗೆ. ಕಲ್ಲು ಇಳಿಬಿಡುವುದು. ತಳ ಮುಟ್ಟಿ ಹಗ್ಗ ಸಡಿಲವಾದಾಗ ನೀರಿನ ಮಟ್ಟಕ್ಕೆ ಸರಿಯಾಗಿ ಹಿಡಿಯುವುದು. ಆಮೇಲೆ ಹಗ್ಗವನ್ನು ಎರಡು ಕೈ ಅಗಲಿಸಿ ಅಗಲಿಸಿ ಮೇಲೆಳೆಯುವುದು. ಎರಡೂ ಕೈ ಚಾಚಿದಷ್ಟು ಒಂದು ಮಾರು. ಎಣಿಸುವಾಗ ಯಾರೂ ಮಾತಾಡಕೂಡದು. ಸಂಖ್ಯೆ ಒಂದೇ ಸಲ ಹೇಳುವುದು, ಅದೂ ಕಲ್ಲು ದೋಣಿಗೆ ಬಂದ ಮೇಲೆ. ಕೇಳಿಸದಿದ್ದರೆ ಮತ್ತೆ ಹೇಳುವುದಿಲ್ಲ, ಮತ್ತೆ ಕಲ್ಲು ಇಳಿಸುವುದು. ದೋಣಿಯವರೆಲ್ಲ ಹಾಗೇ.

ಜೆಟ್ಟಿ ಬರುವ ಜಾಗ. ನಾಲ್ಕು ಮೂಲೆ, ನಾಲ್ಕು ಸಲ ಕಲ್ಲು.

"ನಾಲ್ಕು ಮಾರು."

ನಾಲ್ಕು ಸಲವೂ ಅದೇ. ಒಂದು ಗೇಣೂ ಆಚೀಚೆ ಇಲ್ಲ. ಮೊದಲು ಇಡೀ ಕೆರೆಯಲ್ಲಿ ಆಳದ ವಿಷಯಕ್ಕೆ ಇವನ ಮಾತೇ ಕೊನೆ. ಇವನು ಹೇಳಿದ ಮೇಲೆ ಇನ್ನೊಬ್ಬ ಕಲ್ಲು ಇಳಿಸಿದರೆ ಅದು ಅವಮಾನ ಮಾಡಿದ ಹಾಗೆ.

ನನ್ನ ಬ್ಯಾಗಿನಲ್ಲಿ ಟೇಪ್ ಇತ್ತು. ತೆಗೆಯಲಿಲ್ಲ. ಅಣ್ಣನ ಎದುರು ಹಗ್ಗಕ್ಕೆ ಟೇಪ್ ಹಿಡಿಯಲು ಮನಸ್ಸಾಗಲಿಲ್ಲ.

ಫೆಬ್ರವರಿ 9

ವರದಿ ಕೊಟ್ಟೆ. ಮಾರಿಗೆ ಆರಡಿ. ನಾಲ್ಕಾರಲೆ ಇಪ್ಪತ್ನಾಲ್ಕು. ‘ಜೆಟ್ಟಿ ಸ್ಥಳದಲ್ಲಿ ಆಳ ಇಪ್ಪತ್ತನಾಲ್ಕು ಅಡಿ. ಅಳೆದು ಪರಿಶೀಲಿಸಲಾಗಿದೆ.’ ಕೆಳಗೆ ನನ್ನ ಸಹಿ, ಸೀಲು.

ಫೆಬ್ರವರಿ 22

ಬರೆಯಲು ಪುರಸೊತ್ತೇ ಇಲ್ಲ. ಕಳೆ ಹೊತ್ತ ಲಾರಿಗಳು ದಿನಕ್ಕೆ ಹನ್ನೆರಡು. ಆದರೆ ನೀರು ಕಾಣುತ್ತಿದೆ! ಜನ ಕಾಲುದಾರಿ ಮುಗಿಯುವ ಮೊದಲೇ ಬರಲು ಶುರು ಮಾಡಿದ್ದಾರೆ. ಅಡ್ಡ ಕಟ್ಟಿದ ಹಗ್ಗ ದಾಟಿಕೊಂಡು. ಬೈದೆ. ಒಬ್ಬ ಅಜ್ಜಿ ಬೈಸಿಕೊಂಡೇ ಬೆಂಚಿನಲ್ಲಿ ಕೂತರು — ಮೂರು ಕಾಲಿನ ಬೆಂಚು. ಓಡಿಹೋಗಿ ಹಿಡಿದುಕೊಂಡೆ. "ನೀರು ನೋಡಿ ಎಷ್ಟು ವರ್ಷ ಆಯ್ತಮ್ಮ, ಇನ್ನೈದು ನಿಮಿಷ ಹಿಡ್ಕೊಂಡಿರು," ಅಂದರು. ಹಿಡಿದುಕೊಂಡು ನಿಂತಿದ್ದೆ. ಸಾಹೇಬರು ಆಗಲೇ ಬರಬೇಕೆ!

ಅಣ್ಣನಿಗೆ ಈಜು ಪರೀಕ್ಷೆ, ಚುಕ್ಕಾಣಿ ಪರೀಕ್ಷೆ, ಡಾಕ್ಟರ ಪರೀಕ್ಷೆ ಮೂರೂ ಮುಗಿದವು. ಪಾಸು. ಡಾಕ್ಟರ ಚೀಟಿಯನ್ನು ಫೈಲಿಗೆ ಪಿನ್ ಮಾಡಿದೆ. ಪಟ್ಟಿಯಲ್ಲಿ ಈಗ ಅವನ ಹೆಸರು ಮೇಲಿದೆ. ಮನೆಯಲ್ಲಿ ಹೇಳಿದಾಗ ಎದ್ದುಹೋಗಿ ಮುಖ ತೊಳೆದುಕೊಂಡು ಬಂದ.

ಮಾರ್ಚ್ 4

ಜೆಟ್ಟಿ ಇಳಿಯಿತು. ಒಳ್ಳೆ ಬಿಸಿಲು, ಎಲೆ ಅಲುಗಾಡುವಷ್ಟೂ ಗಾಳಿಯಿಲ್ಲ. ದಡದಿಂದ ಜೆಟ್ಟಿಗೆ ಕಬ್ಬಿಣದ ಕಾಲುಸೇತುವೆ ಇಟ್ಟಾಯಿತು. ಚೆಂದ ಕಾಣುತ್ತದೆ.

ಕೊನೆಯ ಕೊಕ್ಕೆ ಹಾಕಿದ ಫಿಟ್ಟರ್ ತಲೆ ಕೆರೆದುಕೊಂಡ. "ಮೇಡಂ, ಸರಪಳಿ ಸ್ವಲ್ಪ ಸಡಿಲ ಅನ್ನಿಸ್ತಿದೆ."

"ಡ್ರಾಯಿಂಗ್ ಪ್ರಕಾರ ಕತ್ತರಿಸಿದ್ದೀರಿ ತಾನೆ?"

"ಅದು ಸರಿ. ಆದ್ರೂ ಕೈಗೆ ಸಡಿಲ ಬರ್ತಿದೆ."

"ಆಳ ಅಳೆದದ್ದು ಯಾರು ಗೊತ್ತೇನಪ್ಪ? ಆ ಕೈ ತಪ್ಪಲ್ಲ. ಇರಲಿ, ಮಳೆಗಾಲಕ್ಕೆ ನೀರು ಏರಿದಾಗ ಬೇಕಾಗುತ್ತೆ."

ಅವನು ಸ್ಪ್ಯಾನರ್ ಎತ್ತಿಕೊಂಡು ಹೊರಟ. ನಾನು ದೊಡ್ಡ ಮಾತಾಡಿದ ಖುಷಿಯಲ್ಲಿ ಚಹಾ ಕುಡಿಯಲು ಹೋದೆ.

ಮಾರ್ಚ್ 11, ಸಂಜೆ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಮೂರಕ್ಕೆ ತಪಾಸಣೆ. ಸಾಹೇಬರು, ಪ್ರವಾಸೋದ್ಯಮದ ಇಬ್ಬರು ಅಧಿಕಾರಿಗಳು, ನಾನು, ಫಿಟ್ಟರ್ — ಐದು ಜನ ಜೆಟ್ಟಿಯ ಮೇಲೆ. ನಾಳೆಯಪ್ಪ ಹೊಸ ಬೂಟು ಹಾಕಿಕೊಂಡು ಕಾಲುಸೇತುವೆಯ ಮೇಲೆ. ಗುಡ್ಡದ ಸಂದಿನಿಂದ ಗಾಳಿ ಬಂತು. ದೊಡ್ಡ ಬಿರುಗಾಳಿಯೇನಲ್ಲ, ಈ ಕಾಲದಲ್ಲಿ ದಿನಾ ಬರುವುದೇ.

ಜೆಟ್ಟಿ ಹೊರಟಿತು. ನಿಧಾನಕ್ಕೆ, ಸದ್ದಿಲ್ಲದೆ, ಪಕ್ಕಕ್ಕೆ ಹನ್ನೆರಡು ಅಡಿ. ಕಾಲುಸೇತುವೆಯ ತುದಿ ಜಾರಿ ನೀರಿಗೆ ಬಿತ್ತು. ಅದರ ಜೊತೆ ನಾಳೆಯಪ್ಪ. ನಾಳೆಗೆ ಹಾಕದೆ ಇವರು ಇಂದೇ ಮಾಡಿದ್ದೆಂದರೆ ಇದೊಂದೇ. ದಡದ ಹತ್ತಿರ ಸೊಂಟದಷ್ಟೇ ನೀರು, ಎದ್ದು ನಿಂತರು, ತಲೆ ಮೇಲೆ ಕಳೆ. ಈಗ ಬರೆಯುವಾಗ ನಗು ಬರುತ್ತಿದೆ. ಆಗ ಬರಲಿಲ್ಲ.

ಐದು ಜನ ನೀರಿನ ನಡುವೆ ಸಿಕ್ಕಿಕೊಂಡೆವು. ಅಧಿಕಾರಿಯೊಬ್ಬರು ಕುಕ್ಕರುಗಾಲಲ್ಲಿ ಕೂತು ಹಲಗೆ ಹಿಡಿದುಕೊಂಡರು. ಅಣ್ಣ ರಜೆ ಹಾಕಿ ತಪಾಸಣೆ ನೋಡಲು ಬಂದಿದ್ದ. ಚಿಕ್ಕ ದೋಣಿ ಬಿಚ್ಚಿ ತಂದು ಒಬ್ಬೊಬ್ಬರನ್ನೇ ಇಳಿಸಿಕೊಂಡ. "ಹೆದರ್ಬೇಡಿ ಸರ್, ಕಾಲು ನಡುವೆ ಇಡಿ, ನನ್ನ ಹೆಗಲು ಹಿಡ್ಕೊಳ್ಳಿ." ಕೊನೆಗೆ ನಾನು.

ಯಾರಿಗೂ ಪೆಟ್ಟಿಲ್ಲ. ಆದರೆ ಕಾಲುಸೇತುವೆಯ ಮೇಲೆ ಶಾಲೆಯ ಮಕ್ಕಳ ಸಾಲು ನಿಂತಿದ್ದರೆ? ಇದೊಂದೇ ಪ್ರಶ್ನೆ ತಲೆಯೊಳಗೆ.

ಮಾರ್ಚ್ 12

ಬೆಳಗ್ಗೆ ಟೇಪ್ ಕಟ್ಟಿ ತೂಕದ ಕಬ್ಬಿಣ ಇಳಿಸಿ ನೋಡಿದರು. ಆಳ ಇಪ್ಪತ್ತಡಿ ಎಂಟಿಂಚು. ನಾನು ಬರೆದುಕೊಟ್ಟದ್ದು ಇಪ್ಪತ್ತನಾಲ್ಕು. ಒಂದೊಂದು ಸರಪಳಿಯೂ ಮೂರಡಿ ನಾಲ್ಕಿಂಚು ಉದ್ದ.

ಸಾಹೇಬರು ಬಾಗಿಲು ಹಾಕಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ನೀರು ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

"ನೋಡಿ, ಒಂದು ಪುಟ ಬರೆದುಕೊಡಿ. ಸ್ಥಳೀಯ ದೋಣಿಯವರೊಬ್ಬರು ತಪ್ಪು ಮಾಹಿತಿ ಕೊಟ್ಟರು, ಅದನ್ನ ನಂಬಿದೆವು ಅಂತ. ಮುಗೀತು."

"ಆಮೇಲೆ ಲಾಂಚ್ ಪಟ್ಟಿ ಸರ್?"

"ಅವರ ಹೆಸರು ತೆಗೀಬೇಕಾಗುತ್ತೆ. ಆಳನೇ ಗೊತ್ತಿಲ್ಲದೋರ ಕೈಗೆ ಲಾಂಚ್ ಕೊಟ್ರೆ ನಾಳೆ ಜನ ಕೇಳಲ್ವಾ? ನಿಮ್ಮ ಬಡ್ತಿ ಫೈಲು ನನ್ನ ಮೇಜಿನ ಮೇಲಿದೆಯಮ್ಮ. ಸೋಮವಾರದವರೆಗೆ ಯೋಚನೆ ಮಾಡಿ."

ಒಳ್ಳೆಯವರು. ನನ್ನನ್ನು ಉಳಿಸಲೆಂದೇ ಹೇಳಿದ್ದು. ಅದೇ ಕಷ್ಟ.

ಮನೆಗೆ ಬಂದು ಅಣ್ಣನಿಗೆ ಅಷ್ಟಿಷ್ಟು ಹೇಳಿದೆ. ಅವನದು ಒಂದೇ ಮಾತು. "ನಾಲ್ಕು ಮಾರು ಅಂದೆ. ನಾಲ್ಕು ಮಾರೇ ಇರೋದು. ಬೇಕಾದ್ರೆ ಈಗ್ಲೇ ಕಲ್ಲು ಇಳಿಸ್ತೀನಿ ಬಾ."

ಅವನು ಸುಳ್ಳು ಹೇಳುವವನಲ್ಲ. ಟೇಪೂ ಹೇಳುವುದಿಲ್ಲ. ಹಾಗಾದರೆ ಎಲ್ಲಿ ಹೋಯಿತು ಮೂರಡಿ ನಾಲ್ಕಿಂಚು?

ಮಾರ್ಚ್ 14, ಶನಿವಾರ

ಗೊತ್ತಾಯಿತು. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಕೆರೆ ಸಿಬ್ಬಂದಿಯ ಸಮವಸ್ತ್ರಕ್ಕೆ ಅಳತೆ ಕೊಡುವ ದಿನ. ಪಟ್ಟಿಯಲ್ಲಿ ಹೆಸರು ಇನ್ನೂ ಇರುವುದರಿಂದ ಅಣ್ಣನಿಗೂ ಕರೆ. ನನ್ನನ್ನೂ ಎಳೆದುಕೊಂಡು ಹೋದ. "ಕಾಲರ್ ನೋಡೋಕೆ ಒಬ್ರು ಬೇಕು."

ದರ್ಜಿ ವಯಸ್ಸಾದವರು, ಬಾಯಲ್ಲಿ ಗುಂಡುಸೂಜಿ. "ಎರಡೂ ಕೈ ಅಗಲಿಸಿ ಯಜಮಾನ್ರೇ."

ಅಣ್ಣ ಅಗಲಿಸಿದ.

"ಎಡಗೈ ಪೂರ್ತಿ ನೀಡಿ."

"ಪೂರ್ತಿನೇ ನೀಡಿರೋದು."

"ಇನ್ನೂ ಸ್ವಲ್ಪ..."

"ಇನ್ನೆಷ್ಟು ನೀಡ್ಲಿ ಮಾರಾಯ್ರೇ, ಕೈ ಕಿತ್ತು ಕೊಡ್ಲಾ?"

ಎದುರಿಗೆ ಆಳೆತ್ತರದ ಕನ್ನಡಿ. ಬಲಗೈ ನೆಟ್ಟಗೆ ಗೋಡೆಯ ಕಡೆ. ಎಡಗೈ ಮೊಣಕೈಯಲ್ಲಿ ಮಡಿಚಿ, ಅಂಗೈ ಎದುರಿಗೆ ಬಂದು ನಿಂತಿದೆ. ತಟ್ಟೆ ಹಿಡಿದವನ ಹಾಗೆ. ಅಣ್ಣ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಅವನಿಗೆ ಅದು ನೆಟ್ಟಗಿರುವ ಕೈ. ಹನ್ನೊಂದು ವರ್ಷದಿಂದ ಅದೇ ನೆಟ್ಟಗೆ.

ದರ್ಜಿ ನನ್ನ ಕಡೆ ಒಮ್ಮೆ ನೋಡಿ, "ಸರಿ, ಸರಿ, ಸಾಕು," ಅಂದರು. ಟೇಪನ್ನು ಮಡಿಕೆಯ ಮೇಲೇ ಹಾಯಿಸಿ ಅಳತೆ ಬರೆದುಕೊಂಡರು. ದೊಡ್ಡ ಮನುಷ್ಯ.

ಅವನ ಮಾರು ಕುಗ್ಗಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಭಾನುವಾರದವರೆಗೆ ಅವನು ಹಗ್ಗ ಹಿಡಿದದ್ದೇ ಇಲ್ಲ, ಯಾರಿಗೆ ಗೊತ್ತಾಗಬೇಕು? ನನಗೆ. ದೋಣಿಯಲ್ಲಿ ಎದುರಿಗೆ ಕೂತು ನಾಲ್ಕು ಸಲ ಅವನು ಕೈ ಚಾಚುವುದನ್ನು ನೋಡಿದವಳಿಗೆ. ಮುಖ ನೋಡುತ್ತ ಕೂತಿದ್ದೆ, ಕೈ ನೋಡಲಿಲ್ಲ.

ಮಾರ್ಚ್ 15

ಆಫೀಸಿಗೆ ಹೋಗಿ ಫೈಲು ತೆಗೆದೆ. ಭಾನುವಾರ, ಯಾರೂ ಇಲ್ಲ. ಡಾಕ್ಟರ ಚೀಟಿ, ನಾನೇ ಪಿನ್ ಮಾಡಿದ್ದು. ‘ಎಡ ಮೊಣಕೈ ಪೂರ್ತಿ ನೀಡಲು ಬರುವುದಿಲ್ಲ. ಚುಕ್ಕಾಣಿ ಹಿಡಿಯಲು ಯಾವ ಅಡ್ಡಿಯೂ ಇಲ್ಲ.’ ಕೆಳಗಿನ ‘ಅರ್ಹರು’ ಒಂದನ್ನೇ ಓದಿ ಕುಣಿದಿದ್ದೆ. ಅಂದರೆ ಲಾಂಚ್ ಓಡಿಸಲು ಅವನ ಕೈಗೆ ಏನೂ ಆಗಿಲ್ಲ. ಎರಡು ಸಲ ಓದಿಕೊಂಡೆ, ಸಮಾಧಾನಕ್ಕೆ.

ಅಡುಗೆಮನೆಯಲ್ಲಿ ಅತ್ತಿಗೆಯನ್ನು ಕೇಳಿದೆ. "ಅಣ್ಣನ ಕೈ ವಿಷಯ ನಿಮಗೆ ಗೊತ್ತಿತ್ತಾ?"

"ಹನ್ನೊಂದು ವರ್ಷದಿಂದ ಅವರ ಶರ್ಟಿಗೆ ಇಸ್ತ್ರಿ ಹಾಕೋಳು ನಾನು. ಎಡ ತೋಳು ಎಲ್ಲಿ ಸವೆಯುತ್ತೆ ಅಂತ ಗೊತ್ತಿರಲ್ವಾ?"

"ಮತ್ತೆ ಹೇಳಲಿಲ್ಲ?"

"ಹೇಳಿ ಏನಾಗ್ಬೇಕಿತ್ತು? ಕೆರೆ ಹೋಯ್ತು ಅನ್ನೋ ಕೊರಗೇ ಸಾಕಾಗಿತ್ತು. ಕಾರಿಗೆ ಜಾಗ ತೋರ್ಸೋಕೆ ಬಲಗೈ ಒಂದು ಸಾಲದಾ?" ಆಮೇಲೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. "ಈಗ ಹೇಳ್ತೀಯಾ ಅವರಿಗೆ?"

ಆಳದ ವಿಷಯದಲ್ಲಿ ಅವನದೇ ಕೊನೆಯ ಮಾತು ಎಂಬುದೊಂದೇ ಅವನು ಆ ನೆಲಮಾಳಿಗೆಯೊಳಗೆ ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಆಸ್ತಿ. ಕೆಲಸ ಸಿಗುವ ವಾರದಲ್ಲೇ ಅದನ್ನು ಕಿತ್ತುಕೊಳ್ಳಲೇ?

ಅವನ ಕೈಯದು ತಪ್ಪೇ? ಹಗ್ಗ ಎಳೆದ, ನಾಲ್ಕು ಮಾರು ಅಂದ. ಅವನ ಮಾರಿನಲ್ಲಿ ನಾಲ್ಕೇ. ಆರರಿಂದ ಗುಣಿಸಿದವಳು ನಾನು. ಟೇಪನ್ನು ಬ್ಯಾಗಿನಲ್ಲಿಟ್ಟುಕೊಂಡು ‘ಪರಿಶೀಲಿಸಲಾಗಿದೆ’ ಎಂದು ಬರೆದವಳು ನಾನು. ಸಡಿಲ ಎಂದ ಫಿಟ್ಟರ್ ಬಾಯಿ ಮುಚ್ಚಿಸಿದವಳೂ ನಾನೇ.

ಮಾರ್ಚ್ 16, ಸೋಮವಾರ

ಕೊಟ್ಟೆ. ಒಂದು ಪುಟವೂ ಆಗಲಿಲ್ಲ.

‘ಮಾರು ಎಂಬುದು ಆಳಿಂದ ಆಳಿಗೆ ಬೇರೆಯಾಗುವ ಅಳತೆ. ಅಳೆದವರ ಮಾರು ಎಷ್ಟೆಂದು ನೋಡದೆ ಆರಡಿ ಎಂದು ಹಿಡಿದದ್ದು ನನ್ನ ತಪ್ಪು. ಟೇಪ್ ಇದ್ದೂ ಬಳಸಲಿಲ್ಲ. ಸರಪಳಿ ಸಡಿಲವಿದೆ ಎಂದು ಫಿಟ್ಟರ್ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದೋಣಿಯವರ ಎಣಿಕೆಯಲ್ಲಿ ತಪ್ಪಿಲ್ಲ.’

ಸಾಹೇಬರು ಎರಡು ಸಲ ಓದಿದರು. "ಇಷ್ಟೊಂದು ಬಿಚ್ಚಿ ಬರೀಬೇಕಿತ್ತೇನಮ್ಮ?"

"ನಡೆದದ್ದು ಇಷ್ಟೇ ಸರ್."

"ಬಡ್ತಿ ಕೈ ತಪ್ಪುತ್ತೆ."

"ಗೊತ್ತು ಸರ್. ಪಟ್ಟಿಯಲ್ಲಿ ಹೆಸರು...?"

"ಅದನ್ನ ತೆಗೆಯೋಕೆ ಈಗ ಕಾರಣ ಎಲ್ಲಿದೆ?" ಪೆನ್ನು ಮುಚ್ಚಿಟ್ಟರು. ಫಿಟ್ಟರ್‌ನನ್ನು ಹುಡುಕಿ ಕ್ಷಮೆ ಕೇಳಿದೆ. ಆಮೇಲೆ ಉಗ್ರಾಣಕ್ಕೆ ಹೋಗಿ ಸಿಮೆಂಟ್ ಚೀಲಗಳ ಹಿಂದೆ ನಿಂತು ಚೆನ್ನಾಗಿ ಅತ್ತೆ. ಬಡ್ತಿಗಾಗಿಯೇ ಅತ್ತದ್ದು. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದೇ ದಿನ, ಸಂಜೆ

ಅಣ್ಣ ಕಾದು ಕೂತಿದ್ದ. "ತಪ್ಪು ನಿಂದು ಅಂತ ಬರ್ಕೊಟ್ಟೆಯಂತೆ? ಏನು ತಪ್ಪು?"

ಯೋಚಿಸಲು ಸಮಯ ಸಿಗಲಿಲ್ಲ. "ಗುಣಾಕಾರ ಅಣ್ಣ. ಅವಸರದಲ್ಲಿ ನಾಲ್ಕಾರಲೆ ಇಪ್ಪತ್ತೆಂಟು ಅಂತ ಬರೆದುಬಿಟ್ಟಿದ್ದೆ."

ಬಾಯಿ ಬಿಟ್ಟು ನೋಡಿದ. ಆಮೇಲೆ ಸುರುವಾಯಿತು. "ಓದಿ ಆಫೀಸರ್ ಆದೋಳು! ಎರಡನೇ ಕ್ಲಾಸಿನ ಮಗ್ಗಿ! ಐದು ಜನ ನೀರಿಗೆ ಬೀಳ್ತಿದ್ರಲ್ಲೇ! ನಾನು ಹೇಳಿದ್ನಾ ಇಲ್ವಾ, ನಾಲ್ಕು ಮಾರು ಅಂತ? ಕಲ್ಲು ಯಾವತ್ತಾದ್ರೂ ಸುಳ್ಳು ಹೇಳುತ್ತಾ?"

"ಇಲ್ಲ ಅಣ್ಣ."

ಒಳಗಿನಿಂದ ಅತ್ತಿಗೆ ಪಾತ್ರೆ ಕುಕ್ಕಿದ ಸದ್ದು.

ಮಾರ್ಚ್ 27

ಮೆಮೊ ಬಂತು. ಬಡ್ತಿ ಇಲ್ಲ. ಕೆರೆಯ ಕೆಲಸದಿಂದ ತೆಗೆದು ನಲ್ಲಿ ವಿಭಾಗಕ್ಕೆ ಹಾಕಿದ್ದಾರೆ. ಇನ್ನು ಮೇಲೆ ನೀರು ಬರಲಿಲ್ಲ, ನೀರು ಹೆಚ್ಚಾಯಿತು, ನೀರು ವಾಸನೆ. ಇಡೀ ದಿನ ಫೋನು. ಕೀಲಿಕೈ ಒಪ್ಪಿಸುವಾಗ ನಾಳೆಯಪ್ಪ ಬಂದು, "ನೀವಿಲ್ದೆ ಇದ್ರೆ ಈ ಕೆಲಸ ಮುಗಿಯಲ್ಲ ಮೇಡಂ," ಅಂದರು. ನಾನಿದ್ದಾಗಲೂ ಮುಗಿದಿರಲಿಲ್ಲವಲ್ಲ. ಆದರೂ ಮನಸ್ಸಿಗೆ ಹಿತವಾಯಿತು. ಆ ಹೆಸರಿಟ್ಟದ್ದಕ್ಕೆ ಸ್ವಲ್ಪ ಪಶ್ಚಾತ್ತಾಪ.

ಏಪ್ರಿಲ್ 6

ಅಣ್ಣನಿಗೆ ಆದೇಶ ಕೈ ಸೇರಿತು. ಲಾಂಚ್ ಚಾಲಕ!

ವಾಚ್‌ಮನ್ ಟೋಪಿ ವಾಪಸ್ ಕೊಟ್ಟು ಬಂದ. ಬೀದಿಯವರೆಲ್ಲ ಬಂದರು. ಪಕ್ಕದ ಮನೆಯವರು ಜೆಟ್ಟಿ ವಿಷಯ ಎತ್ತಿದಾಗ, "ನಮ್ಮ ಗುಬ್ಬಿಗೆ ನಾಲ್ಕಾರಲೆ ಇಪ್ಪತ್ತೆಂಟು ರೀ," ಎಂದು ಎಲ್ಲರ ಎದುರು ಹೇಳಿ ನಕ್ಕ. ಅವರೂ ನಕ್ಕರು. ನಾನೂ ನಕ್ಕೆ. ಚುಚ್ಚಿತು. ಇಷ್ಟು ದಿನವಾದರೂ ಚುಚ್ಚುತ್ತದೆ ಎಂದುಕೊಂಡಿರಲಿಲ್ಲ.

ಏಪ್ರಿಲ್ 10

ಅಣ್ಣ ಇವತ್ತು ತರಬೇತಿಯಿಂದ ಬೇಗ ಬಂದ. ಜೆಟ್ಟಿಯಲ್ಲಿ ಹೊಸ ಡ್ರಾಯಿಂಗ್ ಅಂಟಿಸಿದ್ದಾರಂತೆ, ಅದರಲ್ಲಿ ಆಳ ಇಪ್ಪತ್ತಡಿ ಎಂಟಿಂಚು ಎಂದಿದೆಯಂತೆ, ಸರಪಳಿ ಗಿಡ್ಡ ಮಾಡಿ ಮತ್ತೆ ಹಾಕಿದ್ದಾರಂತೆ. ಊಟಕ್ಕೆ ಕೂತು ಅರ್ಧದಲ್ಲೇ ಎದ್ದ.

"ನಿನ್ನ ಟೇಪ್ ಎಲ್ಲಿಟ್ಟಿದೀಯ?"

ಕೊಟ್ಟೆ. ಅತ್ತಿಗೆಯನ್ನು ಕರೆದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಅಷ್ಟರಲ್ಲಿ ಫೋನು. ಯಾರದೋ ನಲ್ಲಿಯಲ್ಲಿ ಮೀನು ಬಂದಿದೆಯಂತೆ, ಜೀವಂತ. ಏನು ಮಾಡಲಿ ಎಂದು ಕೇಳುತ್ತಾರೆ.

ಏಪ್ರಿಲ್ 12

ಅತ್ತಿಗೆಯನ್ನು ಕೇಳಿದೆ, ಟೇಪ್ ಯಾತಕ್ಕೆ ಬೇಕಿತ್ತು ಎಂದು. "ಪರದೆ ಅಳೆದ್ವಿ," ಅಂದರು. ನಮ್ಮ ಮನೆಯಲ್ಲಿ ಪರದೆಯೇ ಇಲ್ಲ.

ಅಣ್ಣ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ನಾನೂ ಕೇಳಲಿಲ್ಲ. ಹೆದರಿಕೆ.

ಏಪ್ರಿಲ್ 19, ಭಾನುವಾರ

ಮೊನ್ನೆ ಶುಕ್ರವಾರ ಉದ್ಘಾಟನೆ ಆಯಿತು. ಐದು ಭಾಷಣವಂತೆ. ನನಗೆ ಆಮಂತ್ರಣ ಇರಲಿಲ್ಲ, ನಲ್ಲಿಯವರಿಗೇಕೆ ಕೊಡುತ್ತಾರೆ? ಇವತ್ತು ಮೊದಲ ಭಾನುವಾರ, ಜನರಿಗೆಲ್ಲ. ಅತ್ತಿಗೆಗೆ ಸೊಂಟ ನೋವು, "ನೀನಾದ್ರೂ ಹೋಗಿ ನೋಡ್ಕೊಂಡು ಬಾ," ಅಂದರು. ಹೋದೆ. ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡೆ, ಎಲ್ಲರ ಹಾಗೆ.

ಏನು ಜನ! ಕಾಲುದಾರಿ ತುಂಬ ತಳ್ಳುಗಾಡಿ, ಮಕ್ಕಳು, ಬಲೂನು. ಬೆಂಚುಗಳಲ್ಲಿ ಜಾಗವಿಲ್ಲ. ಬೆಂಚಿಗೆ ಕಾಲು ಎಷ್ಟಿವೆ ಎಂದು ಯಾರೂ ಎಣಿಸುತ್ತಿಲ್ಲ. ಗಾಳಿ ಬರುತ್ತಿತ್ತು, ಜೆಟ್ಟಿ ಕದಲದೆ ನಿಂತಿತ್ತು. ಮೊದಲು ಒಂದು ಕಾಲಿಟ್ಟು ಒತ್ತಿ ನೋಡಿದೆ, ಆಮೇಲೆ ಇನ್ನೊಂದು. ನಾನಿಲ್ಲದೆಯೂ ಎಲ್ಲ ಚೆನ್ನಾಗಿದೆ. ಸಂತೋಷ, ಹೊಟ್ಟೆಕಿಚ್ಚು, ಎರಡೂ ಆಯಿತು.

ಲಾಂಚಿನ ಕೊನೆಯ ಸೀಟಿನಲ್ಲಿ ಕೂತೆ, ಅಣ್ಣನಿಗೆ ಕಾಣದಿರಲಿ ಎಂದು. ನೀಲಿ ಶರ್ಟು, ತಲೆ ಬಾಚಿದ್ದಾನೆ, ಚುಕ್ಕಾಣಿಯ ಮೇಲೆ ಎರಡೂ ಕೈ. ಹೊರಟೆವು. ಎಷ್ಟು ಹಗುರವಾಗಿ ಬಿಡಿಸಿಕೊಂಡು ಹೋದ! ಗುಡ್ಡದ ನೆರಳು ದಾಟಿ, ಜೊಂಡಿನ ಪಕ್ಕದಲ್ಲಿ ಹಕ್ಕಿಗಳು ಏಳದ ಹಾಗೆ ಸುತ್ತಿಸಿ ತಂದ. ಅವನು ಹುಟ್ಟಿದ್ದೇ ಇದಕ್ಕೆ.

ವಾಪಸ್ ಜೆಟ್ಟಿ ಹತ್ತಿರ ಬರುವಾಗ ಮುಂದಿನ ಸೀಟಿನ ಪುಟ್ಟ ಹುಡುಗಿ ಕೇಳಿದಳು, "ಅಂಕಲ್, ಇಲ್ಲಿ ಎಷ್ಟು ಆಳ ಇದೆ?"

ಅಣ್ಣ ಇಂಜಿನ್ ನಿಧಾನ ಮಾಡಿದ. ಮೈಕ್ ಕೈಗೆತ್ತಿಕೊಂಡ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ.

"ಇಪ್ಪತ್ತಡಿ ಎಂಟಿಂಚು ಮಗು. ನನ್ನ ಕೈಯಲ್ಲಿ ಅಳೆದ್ರೆ ನಾಲ್ಕು ಮಾರು. ಬೇರೆಯವರ ಮಾರು ಆರಡಿ ಇರುತ್ತೆ, ನಂದು ಐದಡಿ ಎರಡಿಂಚು. ಎಡಗೈ ನೀಡೋಕೆ ಬರಲ್ಲ, ನೋಡು." ಚುಕ್ಕಾಣಿಯಿಂದ ಎಡಗೈ ತೆಗೆದು ಪಕ್ಕಕ್ಕೆ ಚಾಚಿ ತೋರಿಸಿದ. "ಇಷ್ಟೇ ಬರೋದು. ನನಗೇ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಹೇಳ್ಲಿಲ್ಲ."

ಯಾರೋ ನಕ್ಕರು. ಅವನು ನಗಲಿಲ್ಲ. ಚುಕ್ಕಾಣಿಯ ಮೇಲಿನ ಪುಟ್ಟ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಮೊದಲಿನಿಂದಲೂ ನೋಡುತ್ತಿದ್ದನೋ ಏನೋ.

"ಕೊನೇ ಸೀಟಲ್ಲಿ ಕೂತಿದಾಳಲ್ಲ, ಅವಳು ನನ್ನ ತಂಗಿ. ಈ ದಾರಿ, ಈ ಬೆಂಚು, ಈ ಕೆರೆ, ಎಲ್ಲ ಅವಳು ನಿಂತು ಮಾಡಿಸಿದ್ದು. ಅವಳಿಗೆ ಲೆಕ್ಕ ಬರಲ್ಲ ಅಂತ ಬೀದಿ ತುಂಬ ಹೇಳ್ಕೊಂಡು ಬಂದೆ ನಾನು. ಅವಳಿಗೆ ಮಗ್ಗಿ ಚೆನ್ನಾಗೇ ಬರುತ್ತೆ."

ನಲವತ್ತು ತಲೆ ನನ್ನ ಕಡೆ ತಿರುಗಿದವು. ಎದ್ದು ನಿಲ್ಲಬೇಕೋ, ಕೂತೇ ಇರಬೇಕೋ ತಿಳಿಯಲಿಲ್ಲ. ಪುಟ್ಟ ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಅಣ್ಣನ ಕಡೆ ನೋಡಿ, ಕೈ ಎತ್ತಿ ನಾಲ್ಕು ಬೆರಳು ತೋರಿಸಿದೆ. ನಾಲ್ಕು ಮಾರು.